ಯಾರಿಗೆ ಯಾರು ಅರ್ಥವಾಗಲಿಲ್ಲ? ಆಟಿಸಂ ಮತ್ತು ಒಡನಾಟ

'ನೋಡೋಣ' ಎಂದರೆ ನಮ್ಮ ಕಡೆ ಬಹುಪಾಲು 'ಆಗಲ್ಲ' ಎಂದೇ ಅರ್ಥ. 'ಬರ್ತೀನಿ' ಎಂದವರು ಎದ್ದು ಹೊರಡುತ್ತಾರೆ. 'ಒಂದ್ಸಲ ಮನೆಗೆ ಬನ್ನಿ' ಎನ್ನುವವರು ಯಾವತ್ತು ಎಂದು ಹೇಳುವುದಿಲ್ಲ. ಆಟಿಸಂ, ಅಂದರೆ ಜನರೊಡನೆ ಬೆರೆಯುವ, ಮಾತಾಡುವ ರೀತಿ ಹುಟ್ಟಿನಿಂದಲೇ ಬೇರೆಯಾಗಿರುವ ಸ್ಥಿತಿ, ಇರುವವರೊಬ್ಬರು ಆ ಮಾತನ್ನು ನಂಬಿ ಭಾನುವಾರ ಬೆಳಿಗ್ಗೆ ಬಾಗಿಲು ತಟ್ಟಿದರೆ, 'ಇವರಿಗೆ ಜನರ ಜೊತೆ ಬೆರೆಯೋಕೆ ಬರಲ್ಲ' ಎನ್ನುತ್ತೇವೆ. ಮಾತನ್ನು ಅರ್ಧಕ್ಕೇ ಬಿಟ್ಟವರು ಯಾರು ಎಂದು ಕೇಳುವುದಿಲ್ಲ. ವಿಜ್ಞಾನವೂ ಬಹುಕಾಲ ಹಾಗೆ ಕೇಳಲಿಲ್ಲ.

1943ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿದ್ದ ಮನೋವೈದ್ಯ ಲಿಯೋ ಕ್ಯಾನರ್ ಆಟಿಸಂ ಇರುವ 11 ಮಕ್ಕಳನ್ನು ಕುರಿತು ಬರೆದರು. ಜನರೊಂದಿಗೆ ಭಾವನೆಯ ನಂಟು ಬೆಳೆಸುವ ಶಕ್ತಿಯಲ್ಲೇ ಹುಟ್ಟಿನಿಂದ ಕೊರತೆಯಿದೆ ಎಂಬುದು ಅವರ ನಿರ್ಣಯ. ಆಮೇಲೆ ಬಂದ ಕೆಲವರು ಮಮತೆಯಿಲ್ಲದ ತಾಯಂದಿರೇ ಇದಕ್ಕೆ ಕಾರಣ ಎಂದು ದೂರಿ, ಸಾವಿರಾರು ಮನೆಗಳಲ್ಲಿ ಕಣ್ಣೀರು ಹಾಕಿಸಿದರು. 1964ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಬರ್ನಾರ್ಡ್ ರಿಮ್ಲಂಡ್ ಆ ವಾದವನ್ನು ಬಲವಾಗಿ ಅಲ್ಲಗಳೆದರು.

1979ರಲ್ಲಿ ಲಂಡನ್ನಿನ ಸಂಶೋಧಕರಾದ ಲೋರ್ನಾ ವಿಂಗ್ ಮತ್ತು ಜುಡಿತ್ ಗೂಲ್ಡ್ ಮೂರು ಬಗೆಯ ಮಕ್ಕಳನ್ನು ಗುರುತಿಸಿದರು: ದೂರವೇ ಉಳಿಯುವವರು, ಕರೆದರೆ ಮಾತ್ರ ಬರುವವರು, ತಾವಾಗಿ ಮೇಲೆ ಬಿದ್ದು ಮಾತಾಡಿಸಿದರೂ ಆ ರೀತಿ ಉಳಿದವರಿಗೆ ವಿಚಿತ್ರ ಅನ್ನಿಸುವವರು. ಈ ಮೂರನೆಯವರಿಗೆ ಜನ ಬೇಕು ಎಂಬುದು ಅಲ್ಲೇ ಸ್ಪಷ್ಟವಿತ್ತು. ಆದರೆ ಜನರ ನೆನಪಿನಲ್ಲಿ ನಿಂತದ್ದು, ಇನ್ನೊಬ್ಬರ ಮನಸ್ಸಿನಲ್ಲೇನಿದೆ ಎಂದು ಮಕ್ಕಳು ಊಹಿಸಬಲ್ಲರೇ ಎಂದು ನೋಡಿದ 1985ರ ಗೊಂಬೆ ಪರೀಕ್ಷೆ. ಸ್ಯಾಲಿ ಎಂಬ ಗೊಂಬೆ ಗೋಲಿಯನ್ನು ಬುಟ್ಟಿಯಲ್ಲಿಟ್ಟು ಹೊರಗೆ ಹೋಗುತ್ತಾಳೆ. ಆ್ಯನ್ ಎಂಬ ಇನ್ನೊಂದು ಗೊಂಬೆ ಅದನ್ನು ಪೆಟ್ಟಿಗೆಗೆ ಹಾಕುತ್ತಾಳೆ. ವಾಪಸ್ ಬಂದ ಸ್ಯಾಲಿ ಮೊದಲು ಎಲ್ಲಿ ಹುಡುಕುತ್ತಾಳೆ? ಬುಟ್ಟಿಯಲ್ಲಿ ಎಂಬುದು ಸರಿಯುತ್ತರ. ಆಟಿಸಂ ಇದ್ದ 20 ಮಕ್ಕಳಲ್ಲಿ 16 ಮಂದಿ ತಪ್ಪು ಹೇಳಿದರು. ಸರಿ ಹೇಳಿದ ನಾಲ್ವರನ್ನು ಜಗತ್ತು ಮರೆತೇಬಿಟ್ಟಿತು. ಮಕ್ಕಳ ಗೊಂಬೆಯಾಟದ ಫಲಿತಾಂಶವನ್ನು ದೊಡ್ಡವರ ಗೆಳೆತನ, ದಾಂಪತ್ಯಗಳಿಗೂ ಅಂಟಿಸಲಾಯಿತು. ಇದು ದೊಡ್ಡ ಅನ್ಯಾಯ.

ಅಷ್ಟರಲ್ಲಿ ಆಟಿಸಂ ಇರುವವರೇ ಒಬ್ಬರನ್ನೊಬ್ಬರು ಹುಡುಕಿಕೊಂಡಿದ್ದರು. ಜಿಮ್ ಸಿಂಕ್ಲೇರ್ ಮತ್ತು ಸಂಗಡಿಗರು 1996ರಿಂದ ಅಮೆರಿಕದಲ್ಲಿ ನಡೆಸಿದ 'ಆಟ್ರೀಟ್' ಶಿಬಿರದಲ್ಲಿ ಎದೆಗೆ ಬಣ್ಣದ ಬ್ಯಾಡ್ಜ್ ಹಾಕಿಕೊಳ್ಳುವ ಪದ್ಧತಿ ಬೆಳೆಯಿತು. ಕೆಂಪು ಎಂದರೆ ಈಗ ಮಾತಾಡಿಸಬೇಡಿ. ಹಳದಿ ಎಂದರೆ ಪರಿಚಯದವರು ಮಾತ್ರ ಬನ್ನಿ. ಹಸಿರು ಎಂದರೆ ಮಾತಾಡಬೇಕೆಂಬ ಆಸೆಯಿದೆ, ಶುರು ಮಾಡಲು ಬರುತ್ತಿಲ್ಲ, ನೀವೇ ಮಾತಾಡಿಸಿ. ಉಳಿದವರು ಮುಖ ನೋಡಿ ಊಹಿಸುವುದನ್ನು ಇಲ್ಲಿ ಒಂದು ತುಂಡು ರಟ್ಟು ಹೇಳುತ್ತಿತ್ತು.

2012ರಲ್ಲಿ, ಸ್ವತಃ ಆಟಿಸಂ ಇರುವ ಬ್ರಿಟನ್ನಿನ ಸಮಾಜಶಾಸ್ತ್ರಜ್ಞ ಡೇಮಿಯನ್ ಮಿಲ್ಟನ್, ಒಬ್ಬರಿಗೊಬ್ಬರು ಅರ್ಥವಾಗದ ಈ ಸಮಸ್ಯೆಗೆ 'ಡಬಲ್ ಎಂಪಥಿ' (ಎರಡೂ ಕಡೆಯ ಸಹಾನುಭೂತಿ) ಎಂಬ ಹೆಸರು ಕೊಟ್ಟರು. ಅರ್ಥವಾಗದಿರುವುದು ಎರಡೂ ಕಡೆಯದು, ಆದರೆ ತಪ್ಪು ಸದಾ ಒಬ್ಬರ ತಲೆಗೆ ಎಂಬುದು ಅವರ ವಾದ. 2017ರಲ್ಲಿ ಅಮೆರಿಕದ ಸಂಶೋಧಕ ನೋವಾ ಸ್ಯಾಸನ್ ಅವರ ತಂಡ ತೋರಿಸಿದ್ದು ಇನ್ನೂ ಕಹಿ. ಆಟಿಸಂ ಇರುವವರ ಕೆಲವೇ ಕ್ಷಣಗಳ ವಿಡಿಯೊ ನೋಡಿದ ಜನ, ಇವರ ಸಹವಾಸ ಬೇಡ ಎಂಬತ್ತ ವಾಲಿದರು. ಅವರಾಡಿದ ಮಾತನ್ನಷ್ಟೇ ಬರಹದಲ್ಲಿ ಕೊಟ್ಟಾಗ ಆ ಅಸಡ್ಡೆ ಕಾಣಲಿಲ್ಲ. ತಳ್ಳಿಹಾಕಿದ್ದು ವಿಷಯವನ್ನಲ್ಲ, ದನಿ ಮತ್ತು ಹಾವಭಾವವನ್ನು.

2020ರಲ್ಲಿ ಬ್ರಿಟನ್ನಿನ ಸಂಶೋಧಕಿ ಕ್ಯಾಥರೀನ್ ಕ್ರಾಂಪ್ಟನ್ ಅವರ ತಂಡ 72 ಜನರನ್ನು ಎಂಟೆಂಟು ಮಂದಿಯ ಸರಪಳಿಗಳಾಗಿ ಕೂರಿಸಿ, ಕಥೆಯೊಂದನ್ನು ಕಿವಿಯಿಂದ ಕಿವಿಗೆ ದಾಟಿಸಿತು. ಎಲ್ಲರೂ ಆಟಿಸಂ ಇರುವವರೇ ಆಗಿದ್ದಾಗ ಕಥೆ, ಆಟಿಸಂ ಇಲ್ಲದವರ ಸರಪಳಿಯಲ್ಲಿ ಉಳಿದಷ್ಟೇ ಉಳಿಯಿತು. ಮಿಶ್ರ ಸರಪಳಿಯಲ್ಲಿ ಬೇಗ ಸೋರಿತು. 2025ರಲ್ಲಿ 311 ಜನರೊಂದಿಗೆ ನಡೆದ ದೊಡ್ಡ ಪ್ರಯೋಗದಲ್ಲಿ ಈ ಮಿಶ್ರ ಸೋರಿಕೆ ಕಾಣಲಿಲ್ಲ. ಹಾಗಾಗಿ 'ಅವರವರಲ್ಲೇ ಚೆನ್ನ' ಎಂದು ಗೆರೆ ಎಳೆಯಲಾಗದು. ಆಟಿಸಂ ಇರುವವರು ವಿಷಯ ದಾಟಿಸುವುದರಲ್ಲಿ ಹಿಂದೆ ಬೀಳಲಿಲ್ಲ ಎಂಬುದು ಮಾತ್ರ ಎರಡರಲ್ಲೂ ಕಂಡಿತು.

 

ದಿನನಿತ್ಯದ ಒಡನಾಟ ಕೆಡುವುದರಲ್ಲಿ, ಆಟಿಸಂ ಇರುವವರು ಉಳಿದವರಂತೆ ಕಾಣಲು ಮಾಡುವ ನಟನೆಯ ಪಾಲೂ ಇದೆ. ಕಣ್ಣಲ್ಲಿ ಕಣ್ಣಿಡು, ನಗು, ಕೈ ಆಡಿಸಬೇಡ ಎಂದು ತಮಗೇ ಹೇಳಿಕೊಳ್ಳುತ್ತಾ ಎರಡು ಗಂಟೆ ಕೂತವರಿಗೆ ಮರುದಿನ ಫೋನ್ ಎತ್ತಲೂ ತ್ರಾಣವಿರುವುದಿಲ್ಲ. ಗೆಳೆಯರು ಅದನ್ನು ಮುನಿಸು ಎಂದುಕೊಳ್ಳುತ್ತಾರೆ. ಹಾಗಾಗಿ ಮನೆಗೆ ಕರೆಯುವಾಗಲೇ ಬರೆದು ತಿಳಿಸಿ: 'ಭಾನುವಾರ 11ಕ್ಕೆ ಬನ್ನಿ. ನಾವು ನಾಲ್ವರು. ಊಟ 1 ಗಂಟೆಗೆ. 2ಕ್ಕೆ ಹೊರಡಬಹುದು. ಮಧ್ಯೆ ಸುಸ್ತಾದರೆ ಒಳಗಿನ ರೂಮು ಖಾಲಿ ಇದೆ.' ಐದನೆಯವರು ಬರುವುದಾದರೆ ಹಿಂದಿನ ದಿನವೇ ತಿಳಿಸಿ, ಬಾಗಿಲಲ್ಲಿ ಅಲ್ಲ.