ಬಿಟ್ ಇಲ್ಲದ ಬ್ರೈಡಲ್ ಹಾಕುವಾಗ ಬೆರಳಿಂದ ನೋಡಬೇಕಾದದ್ದು

ಬ್ರೈಡಲ್ ಅಂದರೆ ಲಗಾಮು ಸೇರಿಸಲು ಕುದುರೆಯ ತಲೆಗೆ ಹಾಕುವ ಪಟ್ಟಿಗಳ ಜೋಡಣೆ, ಬಿಟ್ ಅಂದರೆ ಅದರಲ್ಲಿ ಬಾಯೊಳಗೆ ಕೂರುವ ಕಡಿವಾಣದ ತುಂಡು. ಬಾಯಲ್ಲಿ ಬಿಟ್ ಇಲ್ಲ ಅಂದಮೇಲೆ ಕುದುರೆಗೆ ನೋವೇ ಆಗುವುದಿಲ್ಲ ಅಂತ ಶುರುವಿನಲ್ಲಿ ನಾನು ನಂಬಿದ್ದೆ. ಬಾಯಿಂದ ತೆಗೆದ ಒತ್ತಡ ಮಾಯವಾಗುವುದಿಲ್ಲ. ಅದು ಮೂಗಿನ ಮೇಲೋ, ದವಡೆಯ ಕೆಳಗೋ, ಕಿವಿಯ ಹಿಂದೋ ಹೋಗಿ ಕೂರುತ್ತದೆ, ಮೂಗಿನ ಮೇಲಂತೂ ಚರ್ಮದ ಕೆಳಗೆ ಕೈಗೇ ಮೂಳೆ ತಾಗುತ್ತದೆ, ಮಾಂಸ ಅಂತ ಹೇಳುವಷ್ಟು ಏನೂ ಇಲ್ಲ. ಹಾಗಾಗಿ ಪಟ್ಟಿ ಎಲ್ಲಿ ಕೂರಬೇಕು ಅನ್ನುವುದನ್ನೇ ಮೊದಲು ಕಲಿಯೋಣ.

ಬ್ರೈಡಲ್ ಪಕ್ಕಕ್ಕಿಡಿ. ಬರೀ ಕೈಯಿಂದ ಶುರು ಮಾಡಿ. ಎರಡು ಕಣ್ಣುಗಳ ನಡುವೆ ಬೆರಳಿಟ್ಟು ಮೂಗಿನ ಮೇಲೆ ಮೆಲ್ಲಗೆ ಒತ್ತುತ್ತಾ ಕೆಳಗೆ ಬನ್ನಿ. ಮೊದಲು ಕಲ್ಲಿನಂತೆ ಗಟ್ಟಿ. ಕೆಳಗೆ ಹೋದಂತೆ ಮೂಳೆ ಕಿರಿದಾಗುತ್ತದೆ, ತೆಳುವಾಗುತ್ತದೆ, ಹೊಳ್ಳೆಗಿಂತ ಸ್ವಲ್ಪ ಮೇಲೆ ಒಂದು ಕಡೆ ಬೆರಳು ಇದ್ದಕ್ಕಿದ್ದಂತೆ ಮೆತ್ತಗೆ ಒಳಗೆ ಹೋಗುತ್ತದೆ, ನಮ್ಮ ಮೂಗಿನ ತುದಿ ಒತ್ತಿದ ಹಾಗೆ. ಮೂಳೆ ಅಲ್ಲಿಗೆ ಮುಗಿಯಿತು. ಅದರ ಕೆಳಗೆ ಯಾವ ಪಟ್ಟಿಯೂ ಬರಬಾರದು. ಕುದುರೆ ಬಾಯಿಂದ ಉಸಿರಾಡುವ ಪ್ರಾಣಿ ಅಲ್ಲ, ಉಸಿರೆಲ್ಲಾ ಮೂಗಿನಿಂದಲೇ. ಆ ಮೆತ್ತಗಿನ ಜಾಗ ಒತ್ತಿದರೆ ಗಾಳಿಯ ದಾರಿಯನ್ನೇ ಹಿಸುಕಿದಂತೆ.

ಈಗ ಕೆನ್ನೆಯ ಕಡೆ ಬನ್ನಿ. ಕಣ್ಣಿನ ಕೆಳಗಿಂದ ಒಂದು ಗಟ್ಟಿ ಉಬ್ಬು ಗೆರೆಯಂತೆ ಮೂತಿಯ ಕಡೆಗೆ ಇಳಿದು ಅರ್ಧದಾರಿಯಲ್ಲಿ ನಿಂತುಬಿಡುತ್ತದೆ. ಪಟ್ಟಿ ಆ ಉಬ್ಬಿನ ಮೇಲೆ ಉಜ್ಜಬಾರದು. ಸೈಡ್‌ಪುಲ್ ಬ್ರೈಡಲ್ (ಲಗಾಮು ಮೂಗಿನ ಪಟ್ಟಿಯ ಎರಡು ಬದಿಗೆ ಸೇರಿರುವುದು) ಆದರೆ ಉಬ್ಬು ಮುಗಿದ ಕಡೆಯಿಂದ ಸುಮಾರು ಎರಡು ಬೆರಳು ಕೆಳಗೆ ಇಟ್ಟು ಶುರು ಮಾಡುವುದು ರೂಢಿ. ಆ ಉಬ್ಬಿನ ತುದಿಗಿಂತ ಸ್ವಲ್ಪ ಮುಂದೆ, ಮೂಗಿನ ಕಡೆಗೆ, ಮೂಳೆಯಲ್ಲೊಂದು ತೂತಿದೆ. ಮೂತಿಗೆ ಸ್ಪರ್ಶ ಕೊಡುವ ದೊಡ್ಡ ನರ ಹೊರಗೆ ಬರುವುದು ಅಲ್ಲಿಂದಲೇ. ಹೊಲಿಗೆ ಉಬ್ಬಿದ ಪಟ್ಟಿ, ಗಂಟು ಹಾಕಿದ ಹಗ್ಗ, ಚೂಪಾದ ರಿಂಗ್ ಇವೆಲ್ಲಾ ಆ ಜಾಗಕ್ಕೆ ಬರದಂತೆ ನೋಡಿ. ಅಗಲವಾದ, ಒಳಗೆ ಮೆತ್ತೆ ಇರುವ ಪಟ್ಟಿಯೇ ನನಗೆ ಇಷ್ಟ.

ಬಿಗಿ ಎಷ್ಟಿರಬೇಕು? ಮೂಗಿನ ನಟ್ಟನಡುವೆ, ಮೂಳೆಯ ಮೇಲೆ, ದೊಡ್ಡವರ ಎರಡು ಬೆರಳು ಪಟ್ಟಿಯ ಕೆಳಗೆ ಹೋಗಬೇಕು. ತುಂಬಾ ಜನ ಕೆನ್ನೆಯ ಬದಿಯಲ್ಲಿ ಬೆರಳು ತೂರಿಸಿ ನೋಡುತ್ತಾರೆ. ಅಲ್ಲಿ ಹೇಗೂ ತಗ್ಗು ಇದೆ, ಎಷ್ಟೇ ಬಿಗಿ ಇದ್ದರೂ ಬೆರಳು ಹೋಗುತ್ತದೆ. ಅಂತರರಾಷ್ಟ್ರೀಯ ಸವಾರಿ ಒಕ್ಕೂಟವಾದ ಎಫ್‌ಇಐ 2025ರಲ್ಲಿ ತನ್ನ ಸ್ಪರ್ಧೆಗಳಿಗೆ ತಂದ ಅಳತೆ ಸಾಧನವನ್ನೂ ಮೂಗಿನ ಮೂಳೆಯ ಮೇಲೆಯೇ ಇಟ್ಟು ನೋಡುತ್ತಾರೆ. ಬಕಲ್ ಹಾಕಿದ ಮೇಲೆ ಒಂದು ಹಿಡಿ ಹುಲ್ಲು ಕೊಡಿ. ಆರಾಮವಾಗಿ ಅಗಿಯಬೇಕು.

ಸಡಿಲ ಬಿಟ್ಟರೆ ಒಳ್ಳೆಯದು ಅಂತಲೂ ಅಲ್ಲ, ನಾನು ಎಡವಿದ್ದು ಅಲ್ಲೇ. ನಾನು ಸವಾರಿ ಕಲಿಯುತ್ತಿದ್ದ ಹೆಣ್ಣು ಕುದುರೆಗೆ ಪಾಪ ಅಂತ ಸಡಿಲವಾಗಿ ಹಾಕಿದ್ದೆ. ಎಡಕ್ಕೆ ತಿರುಗಿಸಿದಾಗಲೆಲ್ಲಾ ತಲೆ ಒದರುತ್ತಿತ್ತು. ಹಟ ಮಾಡ್ತಿದೆ ಅಂದುಕೊಂಡೆ. ಇಳಿದು, ಇನ್ನೊಬ್ಬರ ಕೈಗೆ ಎಡ ಲಗಾಮು ಕೊಟ್ಟು ಮೆಲ್ಲಗೆ ಎಳೆಯಲು ಹೇಳಿ, ಬಲಗಡೆ ಹೋಗಿ ನಿಂತೆ. ಮೂಗಿನ ಪಟ್ಟಿ ಪೂರ್ತಿ ಎಡಕ್ಕೆ ಜರುಗಿತು, ಬಲಗಡೆಯ ಕೆನ್ನೆಪಟ್ಟಿ ಮೇಲೆದ್ದು ಸೀದಾ ಕಣ್ಣಿನ ಮೂಲೆಗೆ ಬಂತು. ರೆಪ್ಪೆ ಪಟಪಟ ಅಂತ ಬಡಿಯಿತು. ಅವತ್ತು ನಿಜವಾಗಲೂ ಹೊಟ್ಟೆ ಚುರ್ ಅಂದಿತು.

ಇದಕ್ಕೆ ಮದ್ದು ಮೂಗನ್ನು ಇನ್ನೂ ಬಿಗಿಯುವುದಲ್ಲ. ದವಡೆಯ ದುಂಡನೆಯ ಭಾಗಕ್ಕೆ ಬರುವ ಇನ್ನೊಂದು ಪಟ್ಟಿ ಇರುವ ಬ್ರೈಡಲ್ ಸಿಗುತ್ತದೆ, ಅದು ಕೆನ್ನೆಪಟ್ಟಿಯನ್ನು ಹಿಂದಕ್ಕೆ ಹಿಡಿದಿಡುತ್ತದೆ. ಹಣೆಪಟ್ಟಿಯನ್ನೂ ನೋಡಿ, ಅದು ಚಿಕ್ಕದಾದರೆ ಇಡೀ ತಲೆಪಟ್ಟಿಯನ್ನು ಕಿವಿಯ ಬುಡಕ್ಕೆ ಎಳೆದು ತರುತ್ತದೆ.

ಕ್ರಾಸ್ ಅಂಡರ್ ಬ್ರೈಡಲ್ ಕೆಲಸ ಮಾಡುವ ರೀತಿ ಬೇರೆ. ಪಟ್ಟಿಗಳು ದವಡೆಯ ಕೆಳಗೆ ಒಂದನ್ನೊಂದು ದಾಟಿ ಹೋಗುತ್ತವೆ, ಎಡ ಲಗಾಮು ಎಳೆದರೆ ಬಲ ಕೆನ್ನೆಗೆ ಒತ್ತು ಬೀಳುತ್ತದೆ. ಇದರ ಮೂಗಿನ ಪಟ್ಟಿ ಸೈಡ್‌ಪುಲ್‌ಗಿಂತ ಕೆಳಗೆ ಕೂರುತ್ತದೆ, ಆದರೂ ಮೂಳೆಯ ಮೇಲೇ ಇರಬೇಕು. ಲಗಾಮು ಬಿಟ್ಟ ತಕ್ಷಣ ಪಟ್ಟಿಗಳು ಜಾರಿ ಸಡಿಲವಾಗುತ್ತವೆಯಾ? ಹೊಸ ಗಡುಸು ತೊಗಲಾದರೆ ಅಲ್ಲೇ ಹಿಡಿದುಕೊಂಡುಬಿಡುತ್ತದೆ. ಕುದುರೆ ಮಾತು ಕೇಳಿದರೂ ಒತ್ತಡ ಹೋಗದಿದ್ದರೆ ಅದು ಕಲಿಯುವುದಾದರೂ ಏನನ್ನು?

ಮೆಕ್ಯಾನಿಕಲ್ ಹ್ಯಾಕಮೋರ್, ಅಂದರೆ ಎರಡು ಬದಿಗೂ ಲೋಹದ ತೋಳು, ಗದ್ದದ ಕೆಳಗೆ ಸರಪಳಿ ಇರುವ ಬಿಟ್ ಇಲ್ಲದ ಬ್ರೈಡಲ್, ಸವಾರಿ ಕಲಿಯುವವರ ಕೈಗೆ ಬೇಡ ಅಂತಲೇ ನನ್ನ ಅಭಿಪ್ರಾಯ. ಅದು ಸನ್ನೆಕೋಲು. ಲಗಾಮು ಸೇರುವ ಕೆಳಗಿನ ತೋಳು ಮೇಲಿನದಕ್ಕಿಂತ ಉದ್ದವಾದಷ್ಟೂ ನಿಮ್ಮ ಸಣ್ಣ ಎಳೆತ ಕುದುರೆಯ ಗದ್ದಕ್ಕೆ ದೊಡ್ಡದಾಗಿ ತಲುಪುತ್ತದೆ. ಹಾಕಲೇಬೇಕಾಗಿ ಬಂದರೆ ಗದ್ದದ ಸರಪಳಿ ತಿರುಚಿಕೊಳ್ಳದೆ ಚಪ್ಪಟೆಯಾಗಿ ಕೂತಿರಲಿ, ತೋಳು ಸುಮಾರು 45 ಡಿಗ್ರಿ ಹಿಂದಕ್ಕೆ ಬಂದಾಗ ಹಿಡಿಯುವಷ್ಟು ಉದ್ದ ಇರಲಿ.

ಹಾಕಿದ ಕೂಡಲೇ ಹತ್ತಬೇಡಿ. ಬಾಗಿಲು ಮುಚ್ಚಿದ ಅಂಗಳದಲ್ಲಿ, ನೆಲದ ಮೇಲೆ ನಿಂತೇ ನಿಲ್ಲಿಸಿ, ಎರಡು ಹೆಜ್ಜೆ ಹಿಂದೆ ಸರಿಸಿ, ಎರಡೂ ಕಡೆ ತಿರುಗಿಸಿ ನೋಡಿ. ಬಿಟ್‌ಗೆ ಒಗ್ಗಿದ ಕುದುರೆಗೆ ಈ ಹೊಸ ಒತ್ತಡದ ಅರ್ಥ ಗೊತ್ತಿರುವುದಿಲ್ಲ, ಅದಕ್ಕೆ ಟೈಮ್ ಕೊಡಿ.

ಸವಾರಿ ಮುಗಿದು ಬ್ರೈಡಲ್ ತೆಗೆದಾಗ ಪಟ್ಟಿ ಇದ್ದ ಜಾಗದ ಮೇಲೆ ಅಂಗೈ ಆಡಿಸಿ. ಕೂದಲು ಅಡ್ಡಾದಿಡ್ಡಿ ಎದ್ದಿದ್ದರೆ ಪಟ್ಟಿ ಓಡಾಡಿದೆ. ಮುಟ್ಟಿದ ಕಡೆ ತಲೆ ಹಿಂದೆಳೆದರೆ ನೋವಿದೆ. ಅಲ್ಲಿ ಬಿಳಿ ಕೂದಲು ಹುಟ್ಟುವವರೆಗೆ ಕಾಯಬೇಡಿ. ಹೊಸ ತೊಗಲು ಬಳಸುತ್ತಾ ಹಿಗ್ಗುತ್ತದೆ, ಅದಕ್ಕೇ ನಾನು ಎಡಕ್ಕೆ ಎಷ್ಟನೇ ತೂತು, ಬಲಕ್ಕೆ ಎಷ್ಟನೇ ತೂತು ಅಂತ ಕುದುರೆಯ ಹೆಸರಿನ ಮುಂದೆ ಬರೆದಿಡುತ್ತೇನೆ, ಮೊದಲ ಕೆಲವು ವಾರ ಪ್ರತಿ ಸಲವೂ ಮತ್ತೆ ಬೆರಳಿಟ್ಟು ನೋಡುತ್ತೇನೆ.