ಎಸ್ಪಾಡ್ರಿಲ್ ಅಟ್ಟೆ ಎಸ್ಪಾರ್ಟೋ ಹುಲ್ಲಿನದಾ?

ಮತ್ತೆ ಅದೇ ಪ್ರಶ್ನೆ. ಅಲ್ಲ ಕಣ್ರೀ. ಎಸ್ಪಾಡ್ರಿಲ್ ಅಂದರೆ ಮೇಲೆ ಬಟ್ಟೆ, ಕೆಳಗೆ ಹುರಿ ಸುತ್ತಿದ ಅಟ್ಟೆ ಇರುವ ಸ್ಪೇನ್ ಕಡೆಯ ಚಪ್ಪಲಿ. ಈಗ ಅಂಗಡಿಯಲ್ಲಿ ಸಿಗುವ ಎಸ್ಪಾಡ್ರಿಲ್‌ಗಳ ಅಟ್ಟೆ ಸಾಮಾನ್ಯವಾಗಿ ಸೆಣಬಿನದು. ನಮ್ಮ ಗೋಣಿಚೀಲದ ಅದೇ ನಾರು, ಬಂಗಾಳದ ಕಡೆ ಜಾಸ್ತಿ ಬೆಳೆಯುವುದು.

ಹೆಸರೇ ಎಲ್ಲರನ್ನೂ ದಾರಿ ತಪ್ಪಿಸುತ್ತದೆ. ಸ್ಪೇನಿನ ಬಾರ್ಸಿಲೋನಾ ಕಡೆಯ ಕೆಟಲಾನ್ ಭಾಷೆಯಲ್ಲಿ ಎಸ್ಪಾರ್ಟೋ ಹುಲ್ಲಿಗೆ 'ಎಸ್ಪಾರ್ತ್' ಅನ್ನುತ್ತಾರೆ. ಚಪ್ಪಲಿಯ ಹೆಸರು ಬಂದಿರುವುದು ಈ ಹುಲ್ಲಿನಿಂದಲೇ, ಒಪ್ಪುತ್ತೇನೆ. ಹಿಂದೆ ಅಟ್ಟೆಯೂ ಹುಲ್ಲಿನದೇ ಇತ್ತು. ಆಮೇಲೆ ಸೆಣಬು ಬಂತು, ಹೆಸರು ಮಾತ್ರ ಉಳಿಯಿತು. 'ಎಣ್ಣೆ' ಅನ್ನುವ ಪದದೊಳಗೆ ಎಳ್ಳು ಕೂತಿದೆ, ಅಲ್ವಾ? ಹಾಗಂತ ಕಡಲೆಕಾಯಿ ಎಣ್ಣೆಯಲ್ಲಿ ಎಳ್ಳು ಹುಡುಕುತ್ತೀರಾ?

ನಂಬಿಕೆ ಇಲ್ಲದಿದ್ದರೆ ಅಟ್ಟೆಯ ಅಂಚಿನಿಂದ ಒಂದು ಹುರಿ ಬಿಡಿಸಿ ನೋಡಿ. ಕೂದಲಿನಂಥ ಮೆತ್ತನೆ ಎಳೆ ಬಂದರೆ ಅದು ಸೆಣಬು, ಕಾಂಡದ ಸಿಪ್ಪೆ ಕೊಳೆಸಿ ತೆಗೆದ ನಾರು. ಎಸ್ಪಾರ್ಟೋದಲ್ಲಿ ಬಳಸುವುದು ಎಲೆ. ಅದು ಒರಟು, ಬಿರುಸು.

ಆಗ್ನೇಯ ಸ್ಪೇನ್, ಅಲ್ಜೀರಿಯಾ, ಟುನೀಶಿಯಾಗಳ ಒಣ ಗುಡ್ಡಗಳಲ್ಲಿ ಎಸ್ಪಾರ್ಟೋ ತಾನಾಗಿ ಬೆಳೆಯುತ್ತದೆ. ಮಳೆ ಇಲ್ಲದಾಗ ಎಲೆ ಸುರುಳಿ ಸುತ್ತಿಕೊಂಡು ತಂತಿಯ ಹಾಗಾಗುತ್ತದೆ. ಇದಕ್ಕೆ ಕುಡುಗೋಲು ಹಾಕುವುದಿಲ್ಲ. ಒಂದು ಗಿಡ್ಡ ಕೋಲಿಗೆ ಎಲೆಗಳನ್ನು ಸುತ್ತಿ ಜಗ್ಗಿ ಕೀಳುತ್ತಾರೆ. ಬುಡ ಉಳಿಯುತ್ತದೆ, ಮತ್ತೆ ಚಿಗುರುತ್ತದೆ. ಆಮೇಲೆ ಬಿಸಿಲಲ್ಲಿ ಒಣಗಿಸಿ, ವಾರಗಟ್ಟಲೆ ನೀರಲ್ಲಿ ನೆನೆಹಾಕಿ, ಮತ್ತೆ ಒಣಗಿಸಿ ಜಜ್ಜಬೇಕು. ಆಗಲೇ ಅದು ಹಗ್ಗಕ್ಕೆ ಬಗ್ಗುವುದು. ಸ್ಪೇನಿನ ಮುರ್ಸಿಯಾ ಪ್ರಾಂತ್ಯದ ಸಿಯೇಸಾ ಊರಲ್ಲಿ ಈ ಜಜ್ಜುವ ಕೆಲಸ ಹೆಂಗಸರ ಪಾಲಿಗಿತ್ತು. ಗದ್ದಲ, ಧೂಳು, ಕೈ ನೋವು. 'ಪರಿಸರಸ್ನೇಹಿ ಚಪ್ಪಲಿ' ಅಂತ ಸುಮ್ನೆ ಹೊಗಳುವವರಿಗೆ ಇದು ಗೊತ್ತಿರುವುದಿಲ್ಲ.

ನಿಜವಾದ ಎಸ್ಪಾರ್ಟೋ ಚಪ್ಪಲಿ ನೋಡಲೇಬೇಕಾ? ಸ್ಪೇನಿನದೇ ಗ್ರನಾಡಾ ಪ್ರಾಂತ್ಯದ ಅಲ್ಬುನ್ಯೋಲ್ ಊರಿನ ಹತ್ತಿರ 'ಬಾವಲಿಗಳ ಗುಹೆ' ಅಂತ ಒಂದಿದೆ. ಅಲ್ಲಿ ಸಿಕ್ಕ ಚಪ್ಪಲಿಗಳಿಗೆ ಸುಮಾರು 6000 ವರ್ಷ. ಅಲ್ಲೇ ಸಿಕ್ಕ ಬುಟ್ಟಿಗಳಲ್ಲಿ ಕೆಲವಕ್ಕೆ 9500 ವರ್ಷ ಎಂದು 2023ರಲ್ಲಿ ಗೊತ್ತಾಯಿತು. ಗಾಳಿ ಅಷ್ಟು ಒಣದಾಗಿದ್ದರಿಂದ ಉಳಿದವು.

ಇನ್ನು ಸ್ಪೇನಿನ ಮಾಂಚೆಗೋ ಚೀಸ್ ವಿಷಯ. ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ. ಅದರ ಬದಿಯಲ್ಲಿ ಜಡೆ ಹೆಣೆದಂಥ ಗುರುತು ಇರುತ್ತದಲ್ಲ, ಅದು ಚೆಂದಕ್ಕೆ ಬಿಡಿಸಿದ್ದಲ್ಲ. ಕುರಿಹಾಲಿನ ಹಸಿ ಗಿಣ್ಣನ್ನು ಎಸ್ಪಾರ್ಟೋ ಪಟ್ಟಿಯಲ್ಲಿ ಸುತ್ತಿ ಒತ್ತುತ್ತಿದ್ದರು, ಹೆಣಿಗೆ ಅಚ್ಚೊತ್ತುತ್ತಿತ್ತು. ಈಗಿನ ಅಚ್ಚುಗಳು ಪ್ಲಾಸ್ಟಿಕ್ಕಿನವು. ಹುಲ್ಲಿನ ಹೆಣಿಗೆಯನ್ನು ಮಾತ್ರ ಅದರೊಳಗೂ ಬಿಡದೆ ಮೂಡಿಸಿರುತ್ತಾರೆ.