ರೂಢಿಗತ ಅಪರಾಧಿ: ಒಂದು ಹಣೆಪಟ್ಟಿ, ಮೂರು ಕಾನೂನು

ಒಮ್ಮೆ ಕಳವಿನ ಶಿಕ್ಷೆ ಅನುಭವಿಸಿ ಬಂದವನು ಮತ್ತೆ ಕದ್ದು ಸಿಕ್ಕಿಬಿದ್ದಾಗ ಅವನನ್ನು ‘ರೂಢಿಗತ ಅಪರಾಧಿ’ ಎಂದು ಕರೆಯುವುದು ವಾಡಿಕೆ. ಕಲಬುರಗಿಯ ನೆಹರು ಗಂಜಿನ ಅಡತಿ ಅಂಗಡಿಗಳಲ್ಲಿ ಇದೇ ವ್ಯಕ್ತಿಗೆ ‘ಹಳೇ ಕಳ್ಳ’ ಎಂಬ ಹೆಸರಿದ್ದು, ಎರಡೂ ಒಂದೇ ಅರ್ಥದವೆಂದು ಹೆಚ್ಚಿನವರು ತಿಳಿದಿರುತ್ತಾರೆ. ಆದರೆ ನ್ಯಾಯಾಲಯದಲ್ಲಿ ಈ ಹಣೆಪಟ್ಟಿ ಮೂರು ಬೇರೆ ಬೇರೆ ಸಂದರ್ಭಗಳಲ್ಲಿ ಬಳಕೆಯಾಗುತ್ತದೆ: ಹಿಂದಿನ ಶಿಕ್ಷೆಯ ಕಾರಣಕ್ಕೆ ಹೊಸ ಶಿಕ್ಷೆಯನ್ನು ಏರಿಸುವಾಗ, ಸನ್ನಡತೆಯ ಮುಚ್ಚಳಿಕೆ ಬರೆಸಿಕೊಳ್ಳುವಾಗ, ಮತ್ತು ಒಬ್ಬನ ಹೆಸರನ್ನು ಸರಕಾರದ ನೋಂದಣಿಯಲ್ಲಿ ಸೇರಿಸುವಾಗ. ಮೂರಕ್ಕೂ ಬೇಕಾದ ಪುರಾವೆ ಬೇರೆ ಬೇರೆ ಆಗಿರುವುದರಿಂದ, ಸಣ್ಣ ಕಳವಿಗೆ ದೊಡ್ಡ ಶಿಕ್ಷೆ ಎಲ್ಲಿಂದ ಬರುತ್ತದೆ ಎಂಬುದನ್ನು ಅರಿಯಬೇಕಾದರೆ ಇವನ್ನು ಬಿಡಿಸಿ ನೋಡಬೇಕಾಗುತ್ತದೆ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಮು ಕಳವಿಗೆ ಗರಿಷ್ಠ ಮೂರು ವರ್ಷಗಳ ಸೆರೆವಾಸ ಅಥವಾ ದಂಡ ಅಥವಾ ಎರಡನ್ನೂ ವಿಧಿಸುತ್ತದೆ. ಗಂಜಿನಿಂದ ಒಬ್ಬನು ಅರ್ಧ ಚೀಲ ತೊಗರಿ ಕದ್ದನೆಂದೂ, ಅದರ ಬೆಲೆ ಐದು ಸಾವಿರ ರೂಪಾಯಿಗಿಂತ ಕಡಿಮೆಯೆಂದೂ ಇಟ್ಟುಕೊಳ್ಳೋಣ. ಅವನಿಗೆ ಇದು ಮೊದಲ ಶಿಕ್ಷೆಯಾಗಿದ್ದು, ಕದ್ದ ಮಾಲನ್ನೋ ಅದರ ಬೆಲೆಯನ್ನೋ ಹಿಂದಿರುಗಿಸಿದರೆ, ಜೈಲಿನ ಬದಲು ಸಮುದಾಯ ಸೇವೆಯ ಶಿಕ್ಷೆಯಷ್ಟೇ ಆಗುತ್ತದೆ. ಅದೇ ಮನುಷ್ಯ ಎರಡನೆಯ ಸಲ ಕಳವಿನಲ್ಲಿ ಅಪರಾಧಿಯೆಂದು ಸಾಬೀತಾದರೆ, ತೊಗರಿ ಅರ್ಧ ಚೀಲವೇ ಇದ್ದರೂ, ಕನಿಷ್ಠ ಒಂದು ವರ್ಷದಿಂದ ಐದು ವರ್ಷಗಳವರೆಗಿನ ಕಠಿಣ ಸೆರೆವಾಸವೂ ದಂಡವೂ ತಪ್ಪುವುದಿಲ್ಲ. ಇಲ್ಲಿ ಗಮನಿಸಬೇಕಾದದ್ದು ಆ ‘ಕನಿಷ್ಠ’ ಎಂಬ ಮಾತು, ಏಕೆಂದರೆ ಆರೋಪಿಯ ಹಸಿವು, ಪ್ರಾಯ, ಮನೆಯ ಪರಿಸ್ಥಿತಿ ಯಾವುದನ್ನು ನೋಡಿಯೂ ನ್ಯಾಯಾಧೀಶರು ಅದಕ್ಕಿಂತ ಕೆಳಗಿಳಿಯಲು ಈ ಕಲಮು ಬಿಡುವುದಿಲ್ಲ.

ಇದಕ್ಕೂ ಕಠಿಣವಾದದ್ದು 13ನೇ ಕಲಮು. ಹಳೆಯ ಭಾರತೀಯ ದಂಡ ಸಂಹಿತೆಯಲ್ಲಿ 75ನೆಯದಾಗಿದ್ದ ಈ ನಿಯಮದ ಪ್ರಕಾರ, ಸ್ವತ್ತಿಗೆ ಸಂಬಂಧಿಸಿದ ಅಥವಾ ಖೋಟಾ ನಾಣ್ಯದಂಥ ಅಪರಾಧಗಳಲ್ಲಿ, ಮೂರು ವರ್ಷ ಅಥವಾ ಹೆಚ್ಚಿನ ಸೆರೆವಾಸಕ್ಕೆ ಅರ್ಹವಾದ ಒಂದಕ್ಕೆ ಶಿಕ್ಷೆಯಾದ ಮೇಲೆ ಅಂಥದ್ದೇ ಇನ್ನೊಂದನ್ನು ಮಾಡಿದವನಿಗೆ ಹತ್ತು ವರ್ಷಗಳವರೆಗೆ, ಬೇಕೆಂದರೆ ಜೀವಾವಧಿಯನ್ನೇ ವಿಧಿಸಬಹುದು. ಮನೆಯೊಳಗಿನ ಕಳವು ಇದರ ವ್ಯಾಪ್ತಿಗೆ ನೇರವಾಗಿ ಬರುತ್ತದೆ. ಆದರೆ ಲೆಕ್ಕ ಹಿಡಿಯುವ ಕ್ರಮ ಬಿಗಿಯಾಗಿದೆ. ಮೊದಲ ತೀರ್ಪು ಬಂದ ನಂತರ ಎರಡನೆಯ ಅಪರಾಧ ನಡೆದಿರಬೇಕು. ಶರಣಬಸವೇಶ್ವರ ಜಾತ್ರೆಯಲ್ಲಿ ಒಂದೇ ಸಂಜೆ ಮೂರು ಜೇಬು ಕತ್ತರಿಸಿದವನು ಮೂರು ಅಪರಾಧ ಮಾಡಿದವನೇ ಹೊರತು ಈ ಅರ್ಥದಲ್ಲಿ ಮರಳಿ ಅಪರಾಧ ಮಾಡಿದವನಲ್ಲ. ಹಿಂದಿನ ಶಿಕ್ಷೆಯ ಸಂಗತಿಯನ್ನು ದೋಷಾರೋಪಣೆಯಲ್ಲಿ ದಿನಾಂಕ, ಸ್ಥಳ ಸಮೇತ ನಮೂದಿಸಬೇಕು. ಆದರೂ ಹೊಸ ಕಳವು ಸಾಬೀತಾಗುವವರೆಗೆ ಅದನ್ನು ನ್ಯಾಯಾಲಯದಲ್ಲಿ ಓದುವಂತಿಲ್ಲ, ಏಕೆಂದರೆ ಹಿಂದೆ ಕದ್ದವನೆಂಬ ಕಾರಣಕ್ಕೆ ಈಗಲೂ ಕದ್ದಿರಬೇಕು ಎಂಬ ತೀರ್ಮಾನವನ್ನು ಸಾಕ್ಷ್ಯ ಕಾನೂನು ಒಪ್ಪುವುದಿಲ್ಲ.

ಮರಳಿ ಕದ್ದವನಿಗೆ ಏರುವ ಶಿಕ್ಷೆ ಎಂಬ ವಿಚಾರ ಬ್ರಿಟಿಷರಿಂದ ಬಂದದ್ದೆಂದು ಹೇಳುವವರಿದ್ದಾರೆ. ಅದು ಸರಿಯಲ್ಲ; ನಮ್ಮ ಭಾಗದಲ್ಲಿಯೇ ಇದಕ್ಕೆ ಬಹಳ ಹಳೆಯ ಪಠ್ಯವೊಂದಿದೆ. ಆರನೇ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿ, ಅಂದರೆ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನವೇ ಮಿತಾಕ್ಷರ. ಇವನು ಮರತೂರಿನವನೆಂದು ಕಲಬುರಗಿಯವರು ಅಭಿಮಾನದಿಂದ ಹೇಳಿಕೊಳ್ಳುತ್ತಾರೆ. ಆಸ್ತಿ ಪಾಲಿನ ಕಾನೂನಿಗಾಗಿ ಅವನ ಹೆಸರು ಕೇಳದ ವಕೀಲರಿಲ್ಲ. ಆದರೆ ಅದೇ ಗ್ರಂಥದ ಕಳವಿನ ಪ್ರಕರಣವನ್ನು ತೆರೆದು ನೋಡುವವರು ಕಡಿಮೆ. ಬಟ್ಟೆ ಕಸಿಯುವವನಿಗೂ ಗಂಟು ಬಿಚ್ಚಿ ಕದಿಯುವವನಿಗೂ ಮೊದಲ ಸಲ ಕ್ರಮವಾಗಿ ಕೈಯನ್ನು, ಹೆಬ್ಬೆರಳು ಮತ್ತು ತೋರುಬೆರಳನ್ನು ಕತ್ತರಿಸಬೇಕೆಂದೂ, ಎರಡನೆಯ ಸಲ ಒಂದು ಕೈ ಒಂದು ಕಾಲನ್ನು ತೆಗೆಯಬೇಕೆಂದೂ ಮೂಲ ಶ್ಲೋಕ ಹೇಳುತ್ತದೆ. ಮನುಸ್ಮೃತಿಯಂತೂ ಮೂರನೆಯ ಸಲಕ್ಕೆ ವಧೆಯನ್ನೇ ವಿಧಿಸಿದೆ. ಕದ್ದ ವಸ್ತುವಿನ ಬೆಲೆ ಇಲ್ಲಿ ಹಿಂದೆ ಸರಿದು, ಎಷ್ಟನೆಯ ಸಲ ಎಂಬುದೇ ಮುಖ್ಯವಾಗಿದೆ.

ಆಧುನಿಕ ಕಾಲದಲ್ಲಿ ಈ ತರ್ಕವನ್ನು ಕೊನೆಮುಟ್ಟಿಸಿದ್ದು ಅಮೆರಿಕದ ಕ್ಯಾಲಿಫೋರ್ನಿಯ. 1994ರ ಅಲ್ಲಿನ ಕಾನೂನಿನಡಿ, ಹಿಂದೆ ಗಂಭೀರ ಅಪರಾಧಗಳಲ್ಲಿ ಶಿಕ್ಷೆಯಾಗಿದ್ದ ಒಬ್ಬನಿಗೆ ಸುಮಾರು 150 ಡಾಲರ್ ಬೆಲೆಯ ವಿಡಿಯೊ ಟೇಪುಗಳನ್ನು ಎರಡು ಅಂಗಡಿಗಳಲ್ಲಿ ಕದ್ದದ್ದಕ್ಕಾಗಿ ಕನಿಷ್ಠ 50 ವರ್ಷಗಳ ಸೆರೆವಾಸವಾಯಿತು. 2003ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಆ ಶಿಕ್ಷೆಯನ್ನು ರದ್ದುಪಡಿಸಲಿಲ್ಲ. 2012ರಲ್ಲಿ ಮತದಾರರೇ ಆ ಕಾನೂನನ್ನು ಸಡಿಲಿಸಬೇಕಾಯಿತು.

ನಮ್ಮಲ್ಲಿ ಅಂಥ ತೀರ್ಪುಗಳು ಅಪರೂಪ, ಆದರೆ ಭಾರ ಬೇರೆ ದಾರಿಗಳಿಂದ ಬೀಳುತ್ತದೆ. ಉತ್ತರ ಪ್ರದೇಶದಲ್ಲಿ ವಿದ್ಯುತ್ ಇಲಾಖೆಯ ಸಾಮಗ್ರಿ ಕದ್ದ ಒಂಬತ್ತು ಪ್ರಕರಣಗಳಲ್ಲಿ ಒಬ್ಬನಿಗೆ ತಲಾ ಎರಡು ವರ್ಷಗಳ ಶಿಕ್ಷೆಯಾಗಿತ್ತು. ಒಂದು ಮುಗಿದ ಮೇಲೆ ಇನ್ನೊಂದು ಎಂಬಂತೆ ಎಣಿಸಿದ್ದರಿಂದ ಅದು 18 ವರ್ಷವಾಯಿತು. 2022ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಎಲ್ಲ ಶಿಕ್ಷೆಗಳೂ ಏಕಕಾಲಕ್ಕೆ ನಡೆಯಬೇಕೆಂದು ಆದೇಶಿಸದಿದ್ದರೆ ಆತ ಕೊಲೆಗಾರನಂತೆ ಜೈಲಿನಲ್ಲಿರುತ್ತಿದ್ದ. ಜಾಮೀನಿನ ವಿಷಯವೂ ಹೀಗೆಯೇ. ಮೊದಲ ಸಲದ ಆರೋಪಿಯು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗವನ್ನು ವಿಚಾರಣಾಧೀನ ಕೈದಿಯಾಗಿ ಕಳೆದರೆ ಬಿಡುಗಡೆಗೆ ಅರ್ಹನಾಗುತ್ತಾನೆ, ಉಳಿದವರಿಗೆ ಅದು ಅರ್ಧ. ಒಂದಕ್ಕಿಂತ ಹೆಚ್ಚು ಪ್ರಕರಣಗಳು ಬಾಕಿಯಿದ್ದರೆ ಈ ಸೌಲಭ್ಯವೇ ಇಲ್ಲವೆಂದು, ಬಂಧನ, ಜಾಮೀನು, ವಿಚಾರಣೆಗಳ ಕ್ರಮವನ್ನು ಹೇಳುವ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮು ಹೇಳುತ್ತದೆ. ನಾಲ್ಕು ಮೊಬೈಲ್ ಕದ್ದ ಆರೋಪ ಹೊತ್ತವನ ಮೇಲೆ ಒಂದೂ ಸಾಬೀತಾಗದಿದ್ದರೂ, ನಾಲ್ಕು ಎಫ್‌ಐಆರ್‌ಗಳೇ ಅವನನ್ನು ಒಳಗೆ ಹಿಡಿದಿಡಲು ಸಾಕಾಗುತ್ತವೆ.

ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಸಡಿಲವಾದದ್ದು ಮುಚ್ಚಳಿಕೆಯ ವಿಧಾನ. ಅದೇ ಸಂಹಿತೆಯ 129ನೇ ಕಲಮಿನಡಿ, ಒಬ್ಬನು ರೂಢಿಯಿಂದಲೇ ಕಳ್ಳನೆಂಬ ಮಾಹಿತಿ ಸಿಕ್ಕರೆ ಕಾರ್ಯನಿರ್ವಾಹಕ ದಂಡಾಧಿಕಾರಿಯು ಮೂರು ವರ್ಷಗಳವರೆಗೆ ಸನ್ನಡತೆಯ ಮುಚ್ಚಳಿಕೆ ಕೇಳಬಹುದು. ತಾಲ್ಲೂಕುಗಳಲ್ಲಿ ಸಾಮಾನ್ಯವಾಗಿ ತಹಸೀಲ್ದಾರರೇ ಆ ದಂಡಾಧಿಕಾರಿ. ರೂಢಿಗತ ಅಪರಾಧಿ ಎಂಬುದನ್ನು ಇಲ್ಲಿ ಜನಾಭಿಪ್ರಾಯದಿಂದಲೂ ರುಜುವಾತು ಮಾಡಬಹುದೆಂದು ಕಾನೂನೇ ಹೇಳುತ್ತದೆ. ಜಾಮೀನುದಾರರನ್ನು ತರಲಾಗದ ಬಡವನು ಅವಧಿ ಮುಗಿಯುವವರೆಗೆ ಜೈಲಿನಲ್ಲಿರಬೇಕಾಗಬಹುದು, ಒಂದು ವರ್ಷ ಮೀರುವುದಾದರೆ ಮಾತ್ರ ವಿಷಯವು ಸೆಷನ್ಸ್ ನ್ಯಾಯಾಧೀಶರ ಮುಂದೆ ಹೋಗಬೇಕು. ಗಂಜಿನ ‘ಹಳೇ ಕಳ್ಳ’ ಎಂಬ ಮಾತು ಕಾನೂನಿನೊಳಗೆ ಹೆಚ್ಚುಕಡಿಮೆ ಹಾಗೆಯೇ ನುಸುಳುವ ಬಾಗಿಲು ಇದು.

ಮೂರನೆಯ ಅರ್ಥದ ಹಿನ್ನೆಲೆ ಇನ್ನೂ ಕಹಿಯಾದದ್ದು. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯು ಇಡೀ ಸಮುದಾಯಗಳನ್ನು ಹುಟ್ಟಿನಿಂದಲೇ ಕಳ್ಳರೆಂದು ನೋಂದಾಯಿಸಿತು. ಹುಬ್ಬಳ್ಳಿಯ ಸೆಟ್ಲಮೆಂಟ್ ಬಡಾವಣೆಗೆ ಆ ಹೆಸರು ಬಂದದ್ದು ಅಂಥವರನ್ನು ಕೂಡಿಹಾಕಿದ ವಸಾಹತಿನಿಂದ. 1952ರಲ್ಲಿ ಆ ಕಾಯ್ದೆ ರದ್ದಾದರೂ ರಾಜ್ಯಗಳು ರೂಢಿಗತ ಅಪರಾಧಿಗಳ ಕಾಯ್ದೆಗಳನ್ನು ತಂದವು. ನಮ್ಮ ರಾಜ್ಯದ್ದು 1961ರದು. ಹೊಸ ಕಾಯ್ದೆಗಳಲ್ಲಿ ಜಾತಿಯ ಬದಲು ವ್ಯಕ್ತಿಗೆ ಆದ ಶಿಕ್ಷೆಗಳ ಎಣಿಕೆ ಆಧಾರವಾಯಿತು, ಆದರೆ ಪೊಲೀಸರ ಕಣ್ಣು ಮೊದಲು ಬೀಳುವ ತಾಂಡಾ, ಗುಡಿಸಲುಗಳು ಬದಲಾಗಲಿಲ್ಲ. ಜೈಲುಗಳಲ್ಲಿನ ಜಾತಿ ತಾರತಮ್ಯದ ಕುರಿತು 2024ರ ಅಕ್ಟೋಬರ್ 3ರಂದು ನೀಡಿದ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಕಾರಾಗೃಹ ಕೈಪಿಡಿಗಳಲ್ಲಿ ‘ರೂಢಿಗತ ಅಪರಾಧಿ’ ಎಂದಿರುವುದನ್ನು ಆಯಾ ರಾಜ್ಯದ ಕಾಯ್ದೆಯ ವ್ಯಾಖ್ಯೆಯಂತೆಯೇ ಓದಬೇಕೆಂದು ನಿರ್ದೇಶಿಸಿತು. ಅದರಂತೆ, ಕಲಬುರಗಿ ಕೇಂದ್ರ ಕಾರಾಗೃಹದ ಕೈದಿಯೊಬ್ಬನನ್ನು ಆ ವರ್ಗಕ್ಕೆ ಸೇರಿಸಬೇಕಾದರೆ ಅವನ ಸಮುದಾಯದ ಹೆಸರನ್ನಲ್ಲ, ಅವನ ಮೇಲಿನ ಹಿಂದಿನ ತೀರ್ಪುಗಳನ್ನೇ ತೋರಿಸಬೇಕಾಗುತ್ತದೆ.